ಮಲಗಬಾರದ ರೋಗಿ

ನಾನು ಕುಡಿತ ಬಿಟ್ಟು ತಿಂಗಳಾಗಿತ್ತು, ನಿದ್ದೆ ನನ್ನನ್ನು ಬಿಟ್ಟೂ ಅಷ್ಟೇ ದಿನವಾಗಿತ್ತು. ಒಂದು ಕ್ವಾರ್ಟರ್ ಹಾಕಿದರೆ ಕಣ್ಣು ತಾನಾಗಿ ಮುಚ್ಚುತ್ತದೆ ಎಂದು ನನಗೂ ಗೊತ್ತು, ಹೆಂಡತಿಗೂ ಗೊತ್ತು. ಇಬ್ಬರಿಗೂ ಅದೇ ಭಯ. ಅದಕ್ಕೇ ಅವಳು ನನ್ನನ್ನು ಗುಬ್ಬಿಯಿಂದ ತುಮಕೂರಿಗೆ ಎಳೆದುಕೊಂಡು ಹೋಗಿ ಕೌನ್ಸೆಲಿಂಗ್ ಮೇಡಂ ಮುಂದೆ ಕೂರಿಸಿದಳು.

ಮೇಡಂ ಮಾತ್ರೆ ಕೊಡಲಿಲ್ಲ, ಕಾನೂನು ಕೊಟ್ಟರು. ಮಂಚ ಇರುವುದು ನಿದ್ದೆಗೆ ಮಾತ್ರ. ರಾತ್ರಿ ಹನ್ನೆರಡಕ್ಕೆ ಮುಂಚೆ ಅದರ ಹತ್ತಿರ ಸುಳಿಯಬಾರದು, ಬೆಳಿಗ್ಗೆ ಆರಕ್ಕೆ ಏಳಲೇಬೇಕು, ಹಗಲು ಒರಗುವಂತೆಯೇ ಇಲ್ಲ, ಆಗಲೇ ರಾತ್ರಿ ನಿದ್ದೆ ಬರುವುದಂತೆ. ಮಧ್ಯಾಹ್ನ ಬಸ್ಸಾರಿನಲ್ಲಿ ಎರಡು ಮುದ್ದೆ ಉಂಡವನಿಗೆ ಇಂಥ ಶಿಕ್ಷೆಯನ್ನು ಯಾವ ಕೋರ್ಟೂ ಕೊಡುವುದಿಲ್ಲ. ಕಾವಲಿಗೆ ಹೆಂಡತಿ. ನನ್ನ ತಲೆ ವಾಲಿದರೆ ಸಾಕು, ಮುಖಕ್ಕೆ ನೀರು ಬೀಳುತ್ತಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ಕೊತ್ತಗೆರೆಯಿಂದ ಚಿಕ್ಕಪ್ಪ, ಚಿಕ್ಕಮ್ಮ ಬ್ರೆಡ್ಡು, ಮೂಸಂಬಿ ಹಿಡಿದುಕೊಂಡು ನನ್ನನ್ನು ನೋಡಲು ಬಂದರು. ನಾನು ಕುರ್ಚಿಯ ಮೇಲೆ ನೆಟ್ಟಗೆ ಕೂತಿದ್ದೆ. ಚಿಕ್ಕಪ್ಪನ ಮುಖ ಸಪ್ಪಗಾಯಿತು. ಎರಡು ಬಸ್ಸು ಬದಲಾಯಿಸಿ ಬಂದವರಿಗೆ ಮಲಗಿರುವ ರೋಗಿಯೇ ಬೇಕು. ಹಣೆ ಮುಟ್ಟಬೇಕು, ದಿಂಬಿನ ಪಕ್ಕ ಹಣ್ಣು ಇಡಬೇಕು.

“ಒಂದ್ ಗಳಿಗೆ ಮಲಿಕ್ಕೋ ಕಣ್ಲಾ, ನೋಡ್ಕೊಂಡ್ ಹೋಯ್ತೀವಿ,” ಅಂದರು ಚಿಕ್ಕಪ್ಪ.

ಆಗುವುದಿಲ್ಲ ಎಂದೆ. ಕುಡಿಯುವಾಗ ಚರಂಡಿ ಪಕ್ಕ ಮಲಗುತ್ತಿದ್ದವನಿಗೆ ಈಗ ಮಂಚ ಆಗದೇ ಹೋಯಿತೇ ಎಂದು ಚಿಕ್ಕಮ್ಮ ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಹೆಂಡತಿ ಅವರನ್ನು ಕೋಣೆಗೆ ಕರೆದುಕೊಂಡು ಹೋಗಿ, ಮಂಚದ ಅಂಚಿನಲ್ಲಿ ಕೂತು, ಮೇಡಂ ಕಾನೂನುಗಳನ್ನು ಒಂದೊಂದಾಗಿ ವಿವರಿಸತೊಡಗಿದಳು. ಮೂರನೆಯದಕ್ಕೆ ನಾಲಿಗೆ ತೊದಲಿತು. ಹಾಗೇ ಅಡ್ಡಬಿದ್ದು ಗೊರಕೆ ಹೊಡೆದಳು.

ಬಂದವರಿಗೆ ಸಮಾಧಾನವಾಯಿತು. ಚಿಕ್ಕಮ್ಮ ಅವಳ ಹಣೆ ಮುಟ್ಟಿ ನೋಡಿ, ಮೂಸಂಬಿಯನ್ನು ದಿಂಬಿನ ಪಕ್ಕ ಜೋಡಿಸಿದರು. ಚಿಕ್ಕಪ್ಪ ಸ್ಟೂಲು ಎಳೆದುಕೊಂಡು ದನಿ ತಗ್ಗಿಸಿದರು. ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದ ನನಗೆ ನಗು ತಡೆಯಲಾಗಲಿಲ್ಲ.

“ಪಾಪ, ಕಣ್ ಮುಚ್ಚಿ ಎಷ್ಟ್ ದಿನ ಆಗಿತ್ತೋ ಏನೋ,” ಅಂದರು ಚಿಕ್ಕಮ್ಮ.

ನಗು ಅಲ್ಲೇ ನಿಂತಿತು. ಹನ್ನೆರಡು ವರ್ಷ ಅವಳು ನಾನು ಯಾವ ಸ್ಥಿತಿಯಲ್ಲಿ ಬರುತ್ತೇನೋ ಎಂದು ಬಾಗಿಲು ಕಾದಿದ್ದಳು. ಈ ತಿಂಗಳು ನಾನು ಎದ್ದು ಬಾರಿಗೆ ಹೋಗಿಬಿಟ್ಟರೆ ಎಂದು ಕಾದಿದ್ದಳು. ನನಗೆ ನಾಚಿಕೆಯಾಯಿತು.

“ನಾನ್ ಕುಡಿಯಕ್ ಶುರು ಮಾಡ್ದಾಗಿಂದ್ಲೂ ಅವ್ಳು ಮಲಗಿಲ್ಲ ಕಣಮ್ಮ,” ಎಂದೆ.

ಅವರು ಬಸ್ಸಿಗೆ ಹೋದ ಮೇಲೂ ಅವಳು ಏಳಲಿಲ್ಲ, ದೀಪ ಹಚ್ಚುವ ಹೊತ್ತಾದರೂ ಏಳಲಿಲ್ಲ. ತಿಂಗಳಲ್ಲಿ ನನಗೆ ಕಾವಲಿಲ್ಲದ ಮೊದಲ ಸಂಜೆ ಅದು. ನಾನು ಕೋಣೆಯ ಬಾಗಿಲಲ್ಲೇ ಕೂತಿದ್ದೆ, ಎಲ್ಲಿಗೂ ಹೋಗಲಿಲ್ಲ.