ಮಲಕಪ್ಪನ ಮಷೀನಿನ ಗುಂಡು

ನಮ್ಮ ವಾಡೆಯ ಮಲಕಪ್ಪ ಕಾಕಾನಿಗೆ ಬುದ್ಧಿ ಹೇಳಿ ಹೇಳಿ ನನ್ನ ಬಾಯಿ ನೋಯಿತೇ ಹೊರತು ಅವನ ಕಿವಿಗೆ ಒಂದು ಮಾತೂ ಬೀಳಲಿಲ್ಲ. ನಾನು ರೇಣು, ಜಮಖಂಡಿಯವಳು. ಪುಣೆಯ ನಾರಾಯಣ ಪೇಠೆಯ, ವಠಾರದಂಥ ಈ ಹಳೇ ವಾಡೆಯಲ್ಲಿ ಅವನ ಗೋಡೆಗೆ ಗೋಡೆ ಹಚ್ಚಿ ಕುಳಿತು ಬ್ಲೌಜು ಹೊಲಿಯುತ್ತೇನೆ. ಅವನು ಇಂಡಿ ಕಡೆಯವನು. ಇಲ್ಲೇ ಒಂದು ಛಾಪಖಾನೆಯಲ್ಲಿ ಆಯುಷ್ಯವೆಲ್ಲ ಕಾಗದ ಕತ್ತರಿಸಿದ. ಛಾಪಖಾನೆ ಮುಚ್ಚಿದಾಗ ಬೇರೆಯವರು ಶಾಲು, ತೆಂಗಿನಕಾಯಿ ಹಿಡಿದು ಮನೆಗೆ ಹೋದರು. ಈ ಮಹಾರಾಯ ಮಷೀನನ್ನೇ ಕೇಳಿ ತಂದ!

ಅದು ಕೈಯಿಂದ ಎಳೆಯುವ ಹಳೇ ಕಟಿಂಗ್ ಮಷೀನು, ಮಲಗಿದ ಎಮ್ಮೆಯಷ್ಟು ದೊಡ್ಡದು. ನಮ್ಮ ಗಲ್ಲಿಯೊಳಗೆ ಟೆಂಪೋ ಹೋಗುವುದಿಲ್ಲ. ಗಲ್ಲಿಯ ಬಾಯಲ್ಲಿರುವ ಬೇವಿನ ಗಿಡದ ಕೆಳಗೆ ಎಲ್ಲ ಇಳಿಸಿ, ಬಿಡಿಬಿಡಿಯಾಗಿ ಕೈಗಾಡಿಯಲ್ಲಿ ಒಳಗೆ ತಂದರು. ಅಷ್ಟರಲ್ಲಿ ಕಾಕಾನ ಕಣ್ಣಿನ ಆಪರೇಶನ್ ಬಂತು. ಯುಗಾದಿಗೆ ಬಂದ ಮಷೀನು ಆಷಾಢದ ತನಕ ತಾಡಪತ್ರಿ ಹೊದ್ದುಕೊಂಡು ಪಡಸಾಲೆಯಲ್ಲೇ ಬಿದ್ದಿತ್ತು.

ಕಣ್ಣು ಸುಧಾರಿಸಿ ತಾಡಪತ್ರಿ ತೆಗೆದರೆ ಅರ್ಧ ಸಾಮಾನೇ ಇಲ್ಲ! ಕಾಗದವನ್ನು ಒತ್ತಿ ಹಿಡಿಯುವ ಮೇಲಿನ ಚಕ್ರ ಇಲ್ಲ. ಕಾಗದ ಆನಿಸುವ ಹಿಂದಿನ ಹಲಗೆ ಇಲ್ಲ. ಎಲ್ಲಕ್ಕಿಂತ ದೊಡ್ಡದು, ಹಿಡಿಕೆಯ ಬಾಲಕ್ಕಿರುವ ಕಬ್ಬಿಣದ ಗುಂಡು ಇಲ್ಲ. ಆ ಗುಂಡಿನ ಭಾರಕ್ಕೇ ಅಲಗು ಮೇಲೆ ನಿಲ್ಲುವುದಂತೆ. ಅದಿಲ್ಲದಿದ್ದರೆ ಅಲಗು ತಾನಾಗಿ ಧಡ್ ಎಂದು ಬೀಳುತ್ತದೆ, ಕೆಳಗೆ ಕಾಗದ ಇರಲಿ, ಬೆರಳಿರಲಿ.

ಚಕ್ರಕ್ಕೆ ಹಳೇ ಸಾಮಾನು ಮಾರುವ ಜುನಾ ಬಾಜಾರದಿಂದ ನೀರಿನ ಪೈಪಿನ ವಾಲ್ವು ತಂದ. ಹಲಗೆಗೆ ಹೆಂಡತಿ ಬಸವಣ್ಣೆವ್ವ ತವರಿನಿಂದ ತಂದ ಶಾವಿಗೆ ಮಣೆಯನ್ನು ಕೊಯ್ದ. ಅವಳು ಸಂತೆಯಿಂದ ಬಂದು ನೋಡುವಾಗ ಮಣೆ ಎರಡು ತುಂಡಾಗಿ, ಒಂದು ತುಂಡು ಮಷೀನಿನಲ್ಲಿ ನೆಟ್ಟಗೆ ನಿಂತಿತ್ತು.

"ಕೇಳ್ರಿಲ್ಲೆ," ಎಂದಳು ಬಸವಣ್ಣೆವ್ವ. ಅವಳು ದನಿ ಇಳಿಸಿದಳೆಂದರೆ ಇಡೀ ವಾಡೆ ಕಿವಿ ನಿಮಿರಿಸುತ್ತದೆ. "ಖಂಡೇನವಮಿಗೆ ಪೂಜಾ ಮಾಡೂದು ದುಡಿಯೋ ಸಾಮಾನಿಗೆ. ದುಡಿಯದ ಸಾಮಾನಿಗೆ ನಾ ಕುಂಕುಮ ಹಚ್ಚಂಗಿಲ್ಲ. ಅಷ್ಟರಾಗ ನೆಟ್ಟಗಾತಂದ್ರ ಛಲೋ ಆತು. ಇಲ್ಲಾಂದ್ರ ಭಂಗಾರದವನಿಗೆ ಹಾಕೂದ."

ಭಂಗಾರದವನೆಂದರೆ ಬಂಗಾರದವನಲ್ಲ, ಗುಜರಿಯವನು. ಕಾಕಾನ ಮುಖ ನೋಡಬೇಕಿತ್ತು. ಅವನಿಗೆ ಬೇರೆ ಯಾವ ಆಸೆಯೂ ಇರಲಿಲ್ಲ. ಆ ಹಿಡಿಕೆಯನ್ನು ಇನ್ನೊಮ್ಮೆ ಎಳೆಯಬೇಕು, ಅಷ್ಟೇ. ಗುಂಡಿನ ಬದಲು ಒಳಕಲ್ಲಿನ ಗುಂಡು ಕಟ್ಟಿದ. ಅದು ಜಾರಿ ನನ್ನ ಹೊಸ ಬಕೀಟನ್ನು ಒಡೆಯಿತು. ಮರಳಿನ ಚೀಲ ಕಟ್ಟಿದ. ಚೀಲ ಹರಿದು ಪಡಸಾಲೆಯೆಲ್ಲ ಮರಳು. ಗುಡಿಸಿದವಳು ಯಾರು? ನಾನು!

ಕಡೆಗೆ ದೇವರಿಗೆ ಮೊರೆ ಹೋದ. ದೇವರೇನು ದೂರವಿರಲಿಲ್ಲ. ಅದೇ ಬೇವಿನ ಬುಡದಲ್ಲಿ ಬೇಸಿಗೆಯಲ್ಲಿ ಒಬ್ಬ ಹೊಸ ದೇವರು ಕಾಣಿಸಿಕೊಂಡಿದ್ದ. ಹಾಲು ಮಾರುವ ಪಂಢರಿನಾಥ ಬೆಳಿಗ್ಗೆ ಅವನನ್ನು ಕಂಡು ಮೈತುಂಬ ಕೇಸರಿ ಬಣ್ಣದ ಶೇಂದೂರ ಬಳಿದಿದ್ದ. ಆಮೇಲೆ ಯಾರೋ ಬೆಳ್ಳಿಯ ಕಣ್ಣು ಅಂಟಿಸಿದರು, ಯಾರೋ ಎಕ್ಕೆಯ ಹೂವಿನ ಮಾಲೆ ಹಾಕಿದರು. ಬಸವಣ್ಣೆವ್ವನಂತೂ ಶ್ರಾವಣದಿಂದ ದಿನಾ ಅವನಿಗೆ ಸುತ್ತು ಹಾಕುತ್ತಿದ್ದಳು. ಮೆಟ್ಟಿಲು ಹತ್ತಲಾರದೆ ಕೂತುಬಿಡುತ್ತಿದ್ದವಳ ಮೊಣಕಾಲು ಸಡಿಲಾಗಿತ್ತು. ಕಾಕಾನೂ ಹೋಗಿ ಕೈಮುಗಿದು ಬೇಡಿಕೊಳ್ಳುತ್ತಿದ್ದ, "ನನ್ನ ಗುಂಡು ಎಲ್ಲೆ ಅದ, ತೋರ್ಸಪಾ."

ಭಾದ್ರಪದದಲ್ಲಿ ಮಳೆ ಹೊಡೆಯಿತು ನೋಡಿ, ಕೊಡೆ ತಿರುಗಿಸುವಂಥ ಮಳೆ. ಮರುದಿನ ದೇವರಿಗೆ ಹೋದ ಕಾಕಾ ತೊಯ್ದ ಕೋಳಿಯಂತೆ ನನ್ನ ಬಾಗಿಲಿಗೆ ಬಂದು ನಿಂತ.

"ಯಾಕ್ರಿ ಕಾಕಾ, ದೆವ್ವ ನೋಡಿದವ್ರಂಗ ನಿಂತೀರಿ?"

"ದೇವ್ರನ್ನ ನೋಡಿದೆ ರೇಣು. ಮಳಿಗೆ ಶೇಂದೂರ ಕಳಚಿ ಬಿದ್ದದ. ದೇವ್ರ ಹೊಟ್ಯಾಗ ಬೋಲ್ಟಿನ ತೂತು ಅದ."

ನನಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು. ಟೆಂಪೋದಿಂದ ಇಳಿಸಿದ ದಿನ ಅಲ್ಲೇ ಮರೆತುಬಂದ ಗುಂಡು! ಅದು ಸಿಗಲಿ ಎಂದು ಈ ಮನುಷ್ಯ ಅದಕ್ಕೇ ಕೈಮುಗಿಯುತ್ತಿದ್ದ.

"ಅಯ್ಯ ನನ್ನ ಶಿವನ! ಹಂಗಾರ ಹೋಗಿ ತಗೊಂಬರ್ರಿ, ಇನ್ನೇನ್ ನೋಡ್ತೀರಿ?"

"ಬ್ಯಾಡವಾ. ತೂತಿನ ಮ್ಯಾಲ ದಾಸಾಳ ಹೂವ ಇಟ್ಟು ಬಂದೀನಿ. ಅವನ ಮ್ಯಾಲ ಭರೋಸಾ ಇಟ್ಟು ನಮ್ಮಾಕಿ ನಡಿಯಾಕತ್ತಾಳ. ಅದು ಬರೇ ಕಬ್ಬಿಣ ಅಂತ ತಿಳೀತಂದ್ರ ಮತ್ತ ಮೂಲ್ಯಾಗ ಕೂಡ್ತಾಳ. ಮಷೀನ್ ಹೋದ್ರ ಹೋಗ್ಲಿ. ನೀ ಬಾಯಿ ಬಿಟ್ಟೀ ಅಂದ್ರ ನೋಡು!"

ದಿನಾ ನಡೆದರೆ ಯಾರ ಕಾಲಾದರೂ ಸಡಿಲಾಗುತ್ತದೆ ಎಂದು ಕೂಗಿ ಹೇಳಿದೆ. ಕೇಳಬೇಕಲ್ಲ! ನನಗೆ ಸಿಟ್ಟು ನೆತ್ತಿಗೇರಿತು. ಆ ದಿನ ಹೊಲಿದ ತೋಳುಗಳೆಲ್ಲ ತಿರುವುಮುರುವಾದವು.

ಬಾಯಿ ಹೊಲಿದುಕೊಂಡೇ ಇದ್ದೆ, ಸುಳ್ಳಲ್ಲ. ಆದರೆ ನವಮಿಯ ಹಿಂದಿನ ದಿನ ಭಂಗಾರದವನು ತಕ್ಕಡಿ ಹಿಡಿದು ಬಂದ. ಅವನನ್ನು ಕರೆಸಿದ್ದು ಕಾಕಾನೇ. ಮಷೀನು ಹೊಲಸಾಗಿ ಹೋಗಬಾರದೆಂದು ತನ್ನ ಹಳೇ ಧೋತರದಿಂದ ಅದರ ಮೈ ಒರೆಸುತ್ತಿದ್ದ. ಹಿಡಿಕೆ ಒರೆಸುವಾಗ ಅವನ ಕೈ ಅಲ್ಲೇ ನಿಂತುಬಿಟ್ಟಿತು. ಅದನ್ನು ನೋಡಿಕೊಂಡು ಸುಮ್ಮನಿರಲು ನಾನೇನು ಕಲ್ಲೇ?

"ಕಾಕೂ, ನೀವು ಸುತ್ತು ಹಾಕೋ ದೇವ್ರು ಇದರ ಗುಂಡರೀ!" ಎಂದು ಬಸವಣ್ಣೆವ್ವನಿಗೆ ಹೇಳಿಬಿಟ್ಟೆ.

ಬಸವಣ್ಣೆವ್ವ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಅಂದ್ರ ಶ್ರಾವಣದಿಂದ ನಾ ಈ ಮುದುಕನ ಮಷೀನಿಗೆ ಸುತ್ತು ಹಾಕಾಕತ್ತೀನಿ?" ಆಮೇಲೆ ಗಂಡನ ಕಡೆ ತಿರುಗಿದಳು. "ನಿಮಗ ಗೊತ್ತಿತ್ತೇನ್ರಿ?"

ಕಾಕಾ ತಲೆಯಾಡಿಸಿದ.

"ಗೊತ್ತಿದ್ದೂ ಭಂಗಾರದವನ್ನ ಕರೆಸಿದ್ರಿ?"

"ನಿನ್ನ ಮೊಣಕಾಲು..." ಎಂದು ಅಷ್ಟಕ್ಕೇ ನಿಲ್ಲಿಸಿದ.

ಅವಳು ಸೆರಗು ಬಿಗಿದು ಬೇವಿನ ಗಿಡಕ್ಕೆ ನಡೆದಳು. ನಾನು ಹಿಂದೆ ಓಡಿದೆ. ಕೈಮುಗಿದು, ದೇವರನ್ನು ಎತ್ತಿ ಉಡಿಯಲ್ಲಿ ಹಾಕಿಕೊಂಡಳು. ಹಾಲಿನ ಕ್ಯಾನು ಬಿಟ್ಟು ಪಂಢರಿನಾಥ, ದೇವರನ್ನು ಎಲ್ಲಿಗೆ ಒಯ್ಯುತ್ತೀರಿ ಎಂದು ಮರಾಠಿಯಲ್ಲಿ ಕೂಗುತ್ತ ಓಡಿಬಂದ.

"ಅಹೋ ವಹಿನಿ, ದೇವ್ ಕುಠೇ ನೇತಾಯ್?"

"ಕಾಮಾವರ್!" ಎಂದಳು ಬಸವಣ್ಣೆವ್ವ. ದೇವರಿಗೆ ಕೆಲಸ ಬಂದಿದೆ, ಹೊರಟಿದ್ದಾನೆ. ದರ್ಶನ ಬೇಕಿದ್ದವರು ನಮ್ಮ ಪಡಸಾಲೆಗೆ ಬರಲಿ ಎಂದು ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಹೇಳಿ ಮುಂದೆ ನಡೆದಳು. ಪಂಢರಿನಾಥ ಬಾಯಿ ತೆರೆದು ನಿಂತ, ಆಮೇಲೆ ಮಾಲೆಯನ್ನೂ ಎಣ್ಣೆಯ ಬಟ್ಟಲನ್ನೂ ಎತ್ತಿಕೊಂಡು ನಮ್ಮ ಹಿಂದೆಯೇ ಬಂದ. ಭಂಗಾರದವನೂ ಚಪ್ಪಲಿ ಬಿಟ್ಟು ನಮಸ್ಕಾರ ಮಾಡಿ ಹೋದ.

ಗುಂಡು ತನ್ನ ಜಾಗದಲ್ಲಿ ಕೂತಿತು. ಕಾಕಾ ಕೈಬಿಟ್ಟ, ಅಲಗು ಮೇಲೇ ನಿಂತಿತು. ಮರುದಿನ ಬಸವಣ್ಣೆವ್ವ ಕುಂಕುಮ ಹಚ್ಚಿದಳು. ಪೂಜೆಯಾದ ಸಾಮಾನನ್ನು ಆ ದಿನ ಮುಟ್ಟುವಂತಿಲ್ಲವಲ್ಲ, ಕಾಕಾ ಮಷೀನಿನ ಎದುರು ದಿನವಿಡೀ ಕೈಕಟ್ಟಿ ಕೂತ. ದಸರೆಯ ಮುಂಜಾನೆ ನನ್ನ ಅಳತೆಯ ಹಳೇ ಕಾಗದಗಳನ್ನೆಲ್ಲ ಒಟ್ಟುಮಾಡಿ ಕೊಟ್ಟೆ. ಹಿಡಿಕೆ ಎಳೆದ, ದೇವರು ಮೇಲೆ ಹೋದ, ಅಲಗು ಕೆಳಗೆ ಬಂತು, ಕಾಗದ ಬೆಣ್ಣೆಯಂತೆ ಕತ್ತರಿಸಿ ಬಿತ್ತು. ಕಾಕಾ ಅತ್ತುಬಿಟ್ಟ. ನಾನೂ ಅತ್ತೆ, ಅದರಲ್ಲೇನು ನಾಚಿಕೆ?

"ಒಂದು ಮಾತು," ಎಂದಳು ಬಸವಣ್ಣೆವ್ವ. "ನನ್ನ ಮೊಣಕಾಲು ಮತ್ತ ಹಿಡಕೊಂತಂದ್ರ ದೇವ್ರು ತಿರುಗಿ ಬೇವಿನ ಬುಡಕ್ಕ."

ಅವತ್ತಿನಿಂದ ಕಾಕಾನಿಗೆ ಅದೇ ಚಿಂತೆ. ಎದ್ದ ಕೂಡಲೇ "ಕಾಲು ಹೆಂಗದ?" ಎಂದು ಕೇಳುತ್ತಾನೆ. ಕಾಲು ಬಿಗಿಯದಿರಲಿ ಎಂದು ಅವಳ ಕೈಹಿಡಿದು ನದಿಯ ದಂಡೆಯ ತನಕ ನಡೆಸಿಕೊಂಡು ಹೋಗಿ ಬರುತ್ತಾನೆ, ಆಮೇಲೆಯೇ ಮಷೀನು. ಮೊನ್ನೆ ಬ್ಲೌಜಿನ ಅಳತೆ ಕೊಡಲು ಬಂದ ಬಸವಣ್ಣೆವ್ವನನ್ನು ಕೇಳಿದೆ, ಈಗ ನೋವು ಹೇಗಿದೆ ಎಂದು.

"ನೋವೆಲ್ಲೆ ಅದ, ಎಂದೋ ಹೋತು," ಎಂದಳು. ಬಾಗಿಲ ಕಡೆ ನೋಡಿ ದನಿ ಇಳಿಸಿದಳು. "ಆದ್ರ ಸ್ವಲ್ಪ ನೋಯ್ತದ ಅಂದ್ರ ಗಟ್ಟಿ ಕೈ ಹಿಡೀತಾರ."