ಬೆಳ್ಳಕ್ಕಿಯೋ, ನಾನೋ?

ನಮ್ಮ ಅಶ್ವಿತಾಳಿಗೆ ಮದುವೆ ನಿಶ್ಚಯವಾಯಿತು! ಇವತ್ತು ಬೆಳಿಗ್ಗೆ, ನಮ್ಮದೇ ಜಗಲಿಯಲ್ಲಿ. ಇದನ್ನು ಮೊದಲು ಹೇಳದೆ ಬೇರೆ ಏನು ಬರೆಯಲು ಹೊರಟರೂ ನನ್ನ ಕೈ ಓಡುವುದಿಲ್ಲ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಕೈ ಹೇಗೂ ನಿಧಾನ. ಆದರೆ ಮೊಮ್ಮಗಳ ಮದುವೆಯ ಸುದ್ದಿಯನ್ನು ಬರೀ ನೆರೆಮನೆಗೆ ಹೇಳಿ ಸುಮ್ಮನಿರಲು ಸಾಧ್ಯವೇ, ನೀವೇ ಹೇಳಿ. ನೆರೆಮನೆಗೆ ಎರಡೆರಡು ಸಲ ಹೇಳಿ ಆಗಿದೆ.

ಹುಡುಗ ಅಲೆವೂರಿನವನು, ನಿತೇಶ. ಮಾತುಕತೆಗೆ ಅಪ್ಪ ಅಮ್ಮನನ್ನು ಮುಂದೆ ಕಳುಹಿಸಿ ತಾನು ತಡವಾಗಿ ಬಂದ. ಪ್ಯಾಂಟಿಗೆ ಮೊಣಕಾಲಿನವರೆಗೆ ಕೆಸರು, ಕುತ್ತಿಗೆಯಲ್ಲಿ ತೆಂಗಿನಕಾಯಿಯಷ್ಟು ದೊಡ್ಡ ಕ್ಯಾಮೆರಾ. ದಾರಿಯಲ್ಲಿ ಬೈಲಿನ ಹತ್ತಿರ ಯಾವುದೋ ಹಕ್ಕಿ ಕಂಡಿತಂತೆ. ಅವನ ಅಮ್ಮ ನಾಚಿಕೆಯಿಂದ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ನನ್ನ ಮಗ, ಅಂದರೆ ಅಶ್ವಿತಾಳ ಅಪ್ಪ, ಹುಬ್ಬು ಗಂಟಿಕ್ಕಿದ. ನನಗೆ ಮಾತ್ರ ಆ ಕೆಸರಿನ ವಾಸನೆ ಮೂಗಿಗೆ ಬಡಿದದ್ದೇ ಮೈ ಜುಮ್ಮೆಂದಿತು. ಅದು ನನ್ನ ಬೈಲಿನ ಕೆಸರು.

ಕಾಪುವಿನಿಂದ ಪಡುಬಿದ್ರಿಯ ಕಡೆಗೆ ಹೋಗುವಾಗ ಹೊಳೆಯ ಪಕ್ಕದಲ್ಲಿದೆ ಆ ಬೈಲು. ಈಗ ಅಲ್ಲಿ ಬೇಸಾಯ ಇಲ್ಲ. ನೀರು ನಿಂತು, ಜೊಂಡು ಬೆಳೆದು, ಊರಿನವರು ಅದನ್ನು ಹಕ್ಕಿಗಳಿಗೇ ಬಿಟ್ಟುಕೊಟ್ಟಿದ್ದಾರೆ. ಅಶ್ವಿತಾ ಮತ್ತು ನಿತೇಶ ಒಬ್ಬರನ್ನೊಬ್ಬರು ಮೊದಲು ಕಂಡದ್ದೂ ಅಲ್ಲೇ, ದುರ್ಬೀನಿನ ಮೂಲಕವಂತೆ. ಆದರೆ ಅರುವತ್ತರ ದಶಕದಲ್ಲಿ ಅದು ಪೂರಾ ಗದ್ದೆ. ಮಳೆಗಾಲದಲ್ಲಿ ನಾವು ಹತ್ತು ಹನ್ನೆರಡು ಹೆಂಗಸರು, ಎಲೆಯಿಂದ ಹೆಣೆದ ಗೊರಬೆಯನ್ನು ಬೆನ್ನಿಗೆ ಹೊದ್ದು, ಸಾಲಾಗಿ ಬಗ್ಗಿ ಭತ್ತದ ನೇಜಿ ನೆಡುತ್ತಿದ್ದೆವು. ಕೆಸರು ಕಲಕಿದಲ್ಲಿ ಹುಳು ಏಳುತ್ತದೆ, ಹುಳು ಎದ್ದಲ್ಲಿಗೆ ಬೆಳ್ಳಕ್ಕಿ ಬರುತ್ತದೆ. ಹೊಗಳಿಕೊಂಡೆ ಎಂದುಕೊಳ್ಳಬೇಡಿ, ನೆಡುವುದರಲ್ಲಿ ನನ್ನ ಕೈ ಎಲ್ಲರಿಗಿಂತ ಚುರುಕು. ಆದ್ದರಿಂದ ಬೆಳ್ಳಕ್ಕಿಗಳ ಮೆರವಣಿಗೆಯೂ ನನ್ನ ಹಿಂದೆಯೇ.

ಅಲ್ಲಿಗೆ ಒಂದು ಸೋಮವಾರ ಇವರು ಬಂದರು. ಇವರು ಎಂದರೆ ನನ್ನ ಯಜಮಾನರು. ಆಗ ಉಡುಪಿಯ ಒಂದು ಫೋಟೋ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದ ಬಡಕಲು ಹುಡುಗ. ರಜೆಯ ದಿನವೆಂದು ಸಾಹುಕಾರರ ಮಡಚುವ ಕ್ಯಾಮೆರಾ ಕೇಳಿ ತಂದಿದ್ದರು. ಉಸಿರು ಬಿಗಿಹಿಡಿದು ಕುರ್ಚಿಯಲ್ಲಿ ಕುಳಿತ ಮನುಷ್ಯರನ್ನು ತೆಗೆದು ತೆಗೆದು ಬೇಸರ ಬಂದಿತ್ತಂತೆ, ಜೀವ ಇರುವ ಏನನ್ನಾದರೂ ತೆಗೆಯಬೇಕೆಂಬ ಆಸೆಯಂತೆ. ಬಂದವರು ಬದುವಿನ ಮೇಲೆ ಕಂಬದ ಹಾಗೆ ನಿಂತರು. ಹಕ್ಕಿಗಳೆಲ್ಲ ಎದ್ದು ಆಚೆ ಗದ್ದೆಗೆ ಹೋದವು.

“ನಿಂತವರ ಹತ್ತಿರ ಬೆಳ್ಳಕ್ಕಿ ಬರುವುದಿಲ್ಲ ಮಾರಾಯ್ರೇ,” ಎಂದೆ ನಾನು. “ಒಂದು ಗೊರಬೆ ಹಾಕಿಕೊಂಡು ಗದ್ದೆಗೆ ಇಳಿಯಿರಿ.”

“ಇಳಿದು ಎಂತ ಮಾಡುವುದು?”

“ನೇಜಿ ನೆಡುವುದು. ಮತ್ತೆಂತ, ಗದ್ದೆಯಲ್ಲಿ ಕೂತು ಚಾ ಕುಡಿಯುವುದಾ?”

ಇಳಿದೇ ಬಿಟ್ಟರು! “ಹೊಸ ಸೊಸೆ ಬಂದಿದ್ದಾಳೆ, ಸ್ವಲ್ಪ ಜಾಗ ಕೊಡಿ,” ಎಂದು ಸಾಲಿನ ಕೊನೆಯಿಂದ ಒಬ್ಬಳು ಕೂಗಿದಳು. ಹೊಸ ಸೊಸೆ ನೆಟ್ಟ ನೇಜಿಯೆಲ್ಲ ತೇಲಿಕೊಂಡು ನನ್ನ ಕಾಲಬುಡಕ್ಕೆ ಬರುತ್ತಿತ್ತು, ಅದನ್ನು ಪುನಃ ನೆಡುವುದು ನನ್ನ ಕರ್ಮ. ಆದರೆ ಅವರ ಬಗ್ಗಿದ ಬೆನ್ನು ಕಂಡು ಹಕ್ಕಿಗಳಿಗೆ ಧೈರ್ಯ ಬಂತು. ಮಳೆ ಬಿಟ್ಟ ಹೊತ್ತಿನಲ್ಲಿ ಗೊರಬೆಯ ಅಡಿಯಿಂದ ಕ್ಯಾಮೆರಾದ ಮೂತಿ ಆಮೆಯ ತಲೆಯ ಹಾಗೆ ಹೊರಗೆ ಬಂದು, ಟಕ್ ಎಂದು, ಪುನಃ ಒಳಗೆ ಹೋಗುತ್ತಿತ್ತು. ನಾಟಿ ಮುಗಿಯುವವರೆಗೂ ಸೋಮವಾರ ತಪ್ಪಿಸಲಿಲ್ಲ. ನನಗೂ ಸೋಮವಾರ ಬಂತೆಂದರೆ ಬೆಳಿಗ್ಗೆಯೇ ತಲೆ ಬಾಚಿಕೊಳ್ಳುವ ಹುಚ್ಚು ಹಿಡಿಯಿತು, ಗದ್ದೆಯ ಕೆಸರಿಗೆ!

ನಮ್ಮ ಮನೆಯಲ್ಲಿ ಯಜಮಾನಿಕೆ ದೊಡ್ಡ ಮಾವನದು, ಎಂದರೆ ಅಮ್ಮನ ಅಣ್ಣನದು. ಅಪ್ಪನೂ ಅವರ ಮಾತಿಗೆ ಎದುರಾಡುವವರಲ್ಲ. ಆ ಮಾವ ಕೊಡೆ ರಿಪೇರಿಗೆಂದು ಉಡುಪಿಗೆ ಹೋದವರು ಕೊಡೆಯನ್ನು ಅಲ್ಲೇ ಮರೆತು, ಮಳೆಯಲ್ಲಿ ನೆನೆದುಕೊಂಡು ಓಡಿ ಬಂದರು.

“ನಮ್ಮ ಹುಡುಗಿ ಗಾಜಿನ ಕಪಾಟಿನೊಳಗೆ ಉಂಟು!” ಎಂದರು.

ಸ್ಟುಡಿಯೋದ ಸಾಹುಕಾರರು ಒಂದು ಫೋಟೋ ಮೆಚ್ಚಿ, ದೊಡ್ಡದು ಮಾಡಿಸಿ, ಬೀದಿಗೆ ಕಾಣುವ ಹಾಗೆ ಇಟ್ಟಿದ್ದರು. ಸೀರೆ ಎತ್ತಿ ಕಟ್ಟಿ, ಕೆನ್ನೆಗೆ ಕೆಸರು ಮೆತ್ತಿಕೊಂಡು, ಎಲ್ಲ ಹಲ್ಲು ಬಿಟ್ಟುಕೊಂಡು ನಿಂತ ನಾನು. ನನ್ನ ಹಿಂದೆ ಬಿಳಿಯದೇನೋ ಒಂದು.

ಇವರಿಗೆ ಕರೆ ಹೋಯಿತು. ತೆಗೆದ ಫೋಟೋಗಳನ್ನೆಲ್ಲ ತಂದು ಚಾವಡಿಯಲ್ಲಿ ಹರಡಿದರು. “ನಾನು ತೆಗೆದದ್ದು ಹಕ್ಕಿಯನ್ನು. ನಿಮ್ಮ ಹುಡುಗಿ ಅಡ್ಡ ಬಂದದ್ದು,” ಎಂದರು. ಅಡ್ಡ ಬಂದದ್ದಂತೆ! ಬಾಗಿಲ ಸಂದಿಯಲ್ಲಿದ್ದ ನಾನು ಕತ್ತು ಚಾಚಿ ಅವರನ್ನು ದುರುಗುಟ್ಟಿ ನೋಡಿದೆ.

ಮಾವ ಒಂದನ್ನು ಕಣ್ಣಿಗೆ ಹತ್ತಿರ ಹಿಡಿದರು. “ಇದು ಹಕ್ಕಿಯಾ? ಯಾರೋ ಮುಂಡಾಸು ಬಿಚ್ಚಿ ಇಟ್ಟಿದ್ದಾರೆ ಎಂದುಕೊಂಡೆ.”

“ಹಕ್ಕಿ ಅಲುಗಾಡ್ತದೆ. ಮಸುಕು ಬರ್ತದೆ.”

“ಉಡುಪಿ ಪೇಟೆಯೆಲ್ಲ ನೋಡಿ ಆಯಿತು ಮಾರಾಯ. ಇನ್ನು ಇವಳನ್ನು ಕೇಳಿಕೊಂಡು ಯಾರು ಬರ್ತಾರೆ? ಬೆಳ್ಳಕ್ಕಿಯ ಕಡೆಯವರಾ?”

ಇವರು ಹರಡಿದ ಫೋಟೋಗಳನ್ನು ಒಂದೊಂದಾಗಿ ಒಟ್ಟುಮಾಡಿದರು. ಆಮೇಲೆ ಮೆಲ್ಲಗೆ, “ನಾನೇ ಕೇಳಿದರೆ ಆಗಬಹುದಾ?” ಎಂದರು.

ಅಷ್ಟಕ್ಕೇ ಬಾಯಿ ಮುಚ್ಚಿದ್ದರೆ ನನ್ನ ಜನ್ಮ ಸಾರ್ಥಕ. ಮುಚ್ಚಲಿಲ್ಲ. “ಮದುವೆಯಾದ ಮೇಲೂ ಬೈಲಿಗೆ ಹಕ್ಕಿ ತೆಗೆಯಲು ಬರಬಹುದಲ್ಲ?” ಎಂದು ಕೇಳಿದರು.

ಮದುವೆಯಾಯಿತು. ಊರಿನವರು ನನಗೆ ‘ಬೆಳ್ಳಕ್ಕಿ ಮದುಮಗಳು’ ಎಂದು ಹೆಸರಿಟ್ಟರು. ನಾನೂ ನಕ್ಕೆ. ಆದರೆ ಒಳಗೆ ಒಂದು ಮುಳ್ಳು ಉಳಿಯಿತು. ಈ ಮನುಷ್ಯ ನನ್ನನ್ನು ಮೆಚ್ಚಿ ಬಂದದ್ದೋ, ಹಕ್ಕಿಗೆ ಅಡ್ಡ ಬಂದವಳೆಂದು ಕಟ್ಟಿಕೊಂಡದ್ದೋ? ಹೊಸದರಲ್ಲಿ ನಾಚಿಕೊಂಡು ಕೇಳಿದೆ, ಮಕ್ಕಳಾದ ಮೇಲೆ ಜಗಳ ಮಾಡಿ ಕೇಳಿದೆ, ಕೂದಲು ಬೆಳ್ಳಗಾದ ಮೇಲೂ ಕೇಳಿದೆ. “ಹಕ್ಕಿಯನ್ನೇ ಮಾರಾಯ್ತಿ, ನೀನು ಅಡ್ಡ ಬಂದದ್ದು,” ಎನ್ನುವುದೊಂದೇ ಉತ್ತರ, ಮುಖದ ಒಂದು ಗೆರೆಯೂ ಅಲುಗದೆ. ಸಾರಿಗೆ ಉಪ್ಪು ಹೆಚ್ಚಾಯಿತು ಎಂದರೆ, “ಹೋಗಿ ಬೆಳ್ಳಕ್ಕಿಯ ಹತ್ತಿರ ಅಡುಗೆ ಮಾಡಿಸಿಕೊಳ್ಳಿ,” ಎನ್ನುತ್ತಿದ್ದೆ ನಾನೂ.

ಇವತ್ತು ನಿತೇಶ ಕೆಸರು ಕಾಲಿನಲ್ಲಿ ಜಗಲಿ ಹತ್ತಿ, ಹಿರಿಯರನ್ನೆಲ್ಲ ಬಿಟ್ಟು ಮೊದಲು ಅಶ್ವಿತಾಳ ಮುಖವನ್ನೇ ನೋಡಿದ. ನನಗೆ ಸಂತೋಷ ಉಕ್ಕಿತು, ಚೂರು ಹೊಟ್ಟೆಕಿಚ್ಚೂ ಆಯಿತು.

ಬೀಗರಿಗೆ ಊಟ ಮಾಡಿಸದೆ ಬಿಡಲಿಲ್ಲ. ಸಂಜೆ ಎಲ್ಲರೂ ಒಟ್ಟಿಗೆ ಕುಳಿತರು. ಕೋರಿ ರೊಟ್ಟಿ, ಕಾಣೆ ಮೀನು ಹುರಿದದ್ದು. ನಿತೇಶ ಕುಳಿತದ್ದು ಅಂದು ಗಾಜಿನ ಕಪಾಟಿನಲ್ಲಿದ್ದ ನನ್ನ ಆ ಫೋಟೋ ತೂಗಿದ ಗೋಡೆಗೆ ಎದುರಾಗಿ. ತುತ್ತು ಎತ್ತಿದ ಕೈ ಅಲ್ಲೇ ನಿಂತಿತು.

“ಅಜ್ಜಿ, ಬೆಳ್ಳಕ್ಕಿ ಮಸುಕು ಉಂಟಲ್ವಾ?”

“ಅಲುಗಾಡಿತು,” ಎಂದರು ಇವರು, ತಲೆ ಎತ್ತದೆ.

“ಹಕ್ಕಿ ಮಾತ್ರ ಅಲ್ಲ ಅಜ್ಜ, ಅದರ ಪಕ್ಕದ ಬದುವೂ ಮಸುಕು. ಬದು ಅಲುಗಾಡ್ತದಾ? ಹಳೆಯ ಕ್ಯಾಮೆರಾದಲ್ಲಿ ಎಷ್ಟು ದೂರ ಎಂದು ಕೈಯಲ್ಲೇ ತಿರುಗಿಸಿ ಇಡಬೇಕಿತ್ತು, ಅಲ್ವಾ? ನೀವು ಇಟ್ಟದ್ದು ಅಜ್ಜಿ ನಿಂತಷ್ಟು ದೂರಕ್ಕೆ. ಅಜ್ಜಿಯ ಕಣ್ಣಿನ ರೆಪ್ಪೆ ಕೂಡ ಕಾಣ್ತದೆ ನೋಡಿ.”

ಆಮೇಲೆ ಎದ್ದ ಗದ್ದಲದಲ್ಲಿ ಬೀಗಿತ್ತಿಗೆ ಕೆಮ್ಮು ಹತ್ತಿತು. “ಅಜ್ಜ ಸಿಕ್ಕಿಬಿದ್ರು!” ಎಂದು ಅಶ್ವಿತಾ ಕಿರುಚಿದಳು. ಹುಬ್ಬು ಗಂಟಿಕ್ಕಿಕೊಂಡೇ ಇದ್ದ ನನ್ನ ಮಗನೂ ನಕ್ಕ. ಇವರು ಮಾತ್ರ ಕಿವಿ ಕೆಂಪು ಮಾಡಿಕೊಂಡು ಮೀನಿನಲ್ಲಿ ಮುಳ್ಳು ಹುಡುಕುತ್ತಿದ್ದರು. ಕಾಣೆಯಲ್ಲಿ ಇರುವುದೇ ನಡುವಿನ ಒಂದು ಮುಳ್ಳು, ಅದನ್ನು ಅವರು ಆಗಲೇ ತೆಗೆದು ಬದಿಗಿಟ್ಟಾಗಿತ್ತು.

“ಎಂತ ನೋಡ್ತೀ? ಮೀನು ಹಾಕು,” ಎಂದರು.

ಇದ್ದುದರಲ್ಲಿ ದೊಡ್ಡದನ್ನು ಹುಡುಕಿ ಹಾಕಿದೆ. ಬಡಿಸುವ ಸೌಟನ್ನು ಸೊಸೆಯ ಕೈಗೆ ಕೊಟ್ಟು, ಬೀಗರ ಎದುರಿಗೇ, ಇವರಿಗೆ ತಾಗಿಕೊಂಡು ಕುಳಿತು ನಾನೂ ಉಂಡೆ.