ಬಂಧಿತರ ಮನೆಗೆ ಹೇಳುವವರಾರು? ಸದನದಲ್ಲಿ ಹಂದನಕೆರೆಯ ಮಾಯಣ್ಣ

ಹಂದನಕೆರೆಯಲ್ಲಿ ಇನ್ನೂ ಮಬ್ಬುಗತ್ತಲು. ಕೊಟ್ಟಿಗೆಯಲ್ಲಿ ಚಿಕ್ಕಗೌರಮ್ಮ ಹಾಲು ಕರೆಯುತ್ತಿದ್ದಾರೆ. ಬಾಗಿಲಿಗೆ ಒರಗಿ ನಿಂತ ಗಂಡ ಮಾಯಣ್ಣ ಗಂಟಲು ಸರಿಮಾಡಿಕೊಂಡು, "ಮಾನ್ಯ ಸಭಾಧ್ಯಕ್ಷರೇ, ಗ್ರಾಮಾಂತರ ಪ್ರದೇಶದ ಭದ್ರತಾ ವ್ಯವಸ್ಥೆಯನ್ನು ಪುನರ್‌ವಿಮರ್ಶಿಸುವ ಅಗತ್ಯ..." ಎಂದು ಶುರುಮಾಡುತ್ತಾರೆ.

"ತಿಳೀನಿಲ್ಲ ಕಣ್ರೀ. ಇನ್ನೊಂದ್ಸಲ ಹೇಳಿ," ಎನ್ನುತ್ತಾರೆ ಚಿಕ್ಕಗೌರಮ್ಮ, ತಲೆ ಎತ್ತದೆ.

"ನಮ್ಮ ಹಳ್ಳೀಲಿ ಕಳ್ತನ ಆದ್ರೆ, ಪೊಲೀಸ್ನೋರು ಬರೋ ಹೊತ್ಗೆ ಕಳ್ಳ ಉಂಡು ಮಲಗಿರ್ತಾನೆ ಸ್ವಾಮಿ."

"ಹಾಂ, ಈಗ ತಿಳೀತು. ಹಂಗೇ ಹೇಳಿ."

ಇದು ೧೯೮೪. ಮಾಯಣ್ಣ ಮೊದಲ ಸಲ ಗೆದ್ದ ಶಾಸಕರು. ವಿಧಾನಸಭೆಯಲ್ಲಿ ಆಳುವ ಪಕ್ಷದ ಕಟ್ಟಕಡೆಯ ಸಾಲು ಅವರದು. ಅಧಿವೇಶನವಿದ್ದಾಗ ಮೊದಲ ಬಸ್ಸಿಗೆ ತಿಪಟೂರಿಗೆ ಹೋಗಿ, ಅಲ್ಲಿಂದ ಬೆಂಗಳೂರಿನ ರೈಲು ಹತ್ತುತ್ತಾರೆ. ಪಕ್ಕದಲ್ಲಿ ಕೂತವರು ಅವರನ್ನು ಕೊಬ್ಬರಿ ವ್ಯಾಪಾರಿಯೆಂದುಕೊಂಡು ಧಾರಣೆ ಕೇಳುವುದುಂಟು. ಮಾಯಣ್ಣ ತಿದ್ದಲು ಹೋಗುವುದಿಲ್ಲ, ಗೊತ್ತಿದ್ದಷ್ಟು ಧಾರಣೆ ಹೇಳುತ್ತಾರೆ.

ಒಂದಿಷ್ಟು ತೆಂಗಿನ ತೋಟ, ಒಂದಿಷ್ಟು ರಾಗಿ ಹೊಲ. ತಂದೆ ಬೇಗ ತೀರಿಕೊಂಡಿದ್ದರಿಂದ ಓದು ಹೈಸ್ಕೂಲಿಗೇ ನಿಂತಿತು. ಸದನದಲ್ಲಿ ಶುರುವಿನಲ್ಲಿ ಅವರು ಬಾಯಿ ಬಿಟ್ಟವರೇ ಅಲ್ಲ. "ಎದ್ದು ನಿಂತ್ರೆ ನಾಲ್ಗೆ ಅಂಗುಳಕ್ಕೆ ಅಂಟ್ಕಳದು," ಎಂದು ನಗುತ್ತಾರೆ. ಅಂಥವರು ಈಗ ಮಾತಿಗೆ ಎದ್ದರೆ ರಸ್ತೆ, ಕೊಳವೆಬಾವಿ ಕೇಳುವುದಕ್ಕಿಂತ ಹೆಚ್ಚಾಗಿ ಪೊಲೀಸು, ಠಾಣೆ, ತಾಲ್ಲೂಕು ಕಚೇರಿಯ ಆಡಳಿತ ಎನ್ನುತ್ತಾರೆ. ಯಾಕೆ ಎಂದರೆ, ಹೋದ ವರ್ಷದ ಕೊಬ್ಬರಿ ಕಳುವಿನ ಕಥೆ ಹೇಳಬೇಕು.

ಈ ಸೀಮೆಯಲ್ಲಿ ಬಲಿತ ಕಾಯಿಯನ್ನು ಮನೆಯ ಅಟ್ಟಕ್ಕೇರಿಸುತ್ತಾರೆ. ಚಿಪ್ಪಿನೊಳಗೇ ಒಣಗಿ ಕೊಬ್ಬರಿಯಾಗಲು ಹೆಚ್ಚುಕಡಿಮೆ ಒಂದು ವರ್ಷ ಬೇಕು. ಅಟ್ಟ ಬರಿದಾದರೆ ಆ ವರ್ಷದ ಬಾಳೇ ಬರಿದಾದಂತೆ. ಹಂದನಕೆರೆಯ ಸುತ್ತ ಒಂದಾದ ಮೇಲೊಂದು ಅಟ್ಟಕ್ಕೆ ಕಳ್ಳರು ನುಗ್ಗಿದರು. ಚುನಾವಣೆಯಲ್ಲಿ ಮಾಯಣ್ಣನವರಿಗಾಗಿ ಊರೂರು ಅಲೆದಿದ್ದ ದೊಡ್ಡ ತೋಟದ ಗಂಗಯ್ಯ ನಾಲ್ಕು ಜನರನ್ನು ಕಟ್ಟಿಕೊಂಡು ಬಂದು, "ಪೊಲೀಸ್ರನ್ನ ಕರ್ಸ್ಲಾ" ಎಂದು ಕೂತರು. ಮಾಯಣ್ಣ ಸದನದಲ್ಲಿ ಕೇಳಿದರು. ಜೀಪು ಬಂತು. ಊರು ಶಾಸಕರನ್ನು ಹೊಗಳಿತು.

ಆ ಜೀಪು ಹೊತ್ತುಕೊಂಡು ಹೋದದ್ದು ಕೂಲಿಗೆ ಕಾಯಿ ಸುಲಿಯುವ ಸಣ್ಣತಿಮ್ಮಯ್ಯನನ್ನು. ಕಳುವಾದ ಮನೆಗಳಿಗೆಲ್ಲ ಅವನು ಹೋಗಿಬಂದಿದ್ದ ಎಂಬುದೇ ಅನುಮಾನಕ್ಕೆ ಕಾರಣ. ಕಾಯಿ ಸುಲಿಯುವವನು ಕಾಯಿ ಇರುವ ಮನೆಗೆ ಹೋಗದೆ ಇನ್ನೆಲ್ಲಿಗೆ ಹೋಗಬೇಕು? ಅವನ ಹೆಂಡತಿ ಭೈರಮ್ಮ ಠಾಣೆಯಿಂದ ಠಾಣೆಗೆ ಅಲೆದಳು. ಎಲ್ಲ ಕಡೆಯೂ ಒಂದೇ ಉತ್ತರ: ಇಲ್ಲಿಲ್ಲ. ಕೊನೆಗೆ ಮಾಯಣ್ಣನವರ ಜಗಲಿಯ ಮುಂದೆ ಬಂದು ನಿಂತಳು.

"ನೀವೇ ಅಲ್ವಾ ಮಾಯಣ್ಣೋರೇ ಪೊಲೀಸ್ರನ್ನ ಕರ್ಸಿದ್ದು? ಹಂಗಾರೆ ನನ್ನ ಗಂಡನ್ನ ಎಲ್ಲಿಕ್ಕವ್ರೆ, ನೀವೇ ಹೇಳಿ."

ಮಾಯಣ್ಣ ಮೇಲೊಂದು ಟವೆಲ್ ಹೊದ್ದು ಅವಳ ಜೊತೆಗೇ ಬಸ್ಸು ಹತ್ತಿದರು. ಸಣ್ಣತಿಮ್ಮಯ್ಯ ಸಿಕ್ಕಿದ್ದು ಬೇರೆ ತಾಲ್ಲೂಕಿನ ಒಂದು ಠಾಣೆಯಲ್ಲಿ. ಅವನ ಮೇಲೆ ಕೇಸಿಲ್ಲ, ಏಟು ತಿಂದ ಕಾಲು ಮಾತ್ರ ಬಾತುಕೊಂಡಿತ್ತು. ಶಾಸಕರ ಮುಖ ನೋಡಿ ಬಿಟ್ಟುಕೊಟ್ಟರು. ಬರುವಾಗ ಬಸ್ಸಿನಲ್ಲಿ, ಊರು ಹತ್ತಿರವಾದಾಗ ಭೈರಮ್ಮ ಒಂದೇ ಮಾತು ಅಂದಳು: "ಸತ್ತೋಗವ್ನೆ ಅಂದ್ಕಂಡಿದ್ದೆ."

"ಆ ಮಾತು ಎದೇಲಿ ಮುಳ್ಳು ಮುರ್ದಂಗೆ ಕೂತ್ಕಂತು," ಎನ್ನುತ್ತಾರೆ ಮಾಯಣ್ಣ.

ಗೃಹ ಇಲಾಖೆಯ ಚರ್ಚೆಯಲ್ಲಿ ಮಾಯಣ್ಣ ಈ ವಿಷಯ ಎತ್ತುತ್ತಾರೆ ಎಂಬ ಸುದ್ದಿ ಮೊದಲು ತಲುಪಿದ್ದು ಗಂಗಯ್ಯನಿಗೆ. "ಕಳ್ಳರ ಪರ ಮಾತಾಡೋಕೇನ್ಲಾ ನಿಂಗೆ ಓಟು ಹಾಕ್ಸಿದ್ದು? ಮುಂದಿನ ಸಲ ನೋಡ್ಕಂತೀನಿ ಬುಡು," ಎಂದು ಜಗಲಿಯಿಂದ ಎದ್ದುಹೋದರು. ಬೆಂಗಳೂರಿನಲ್ಲಿ ಪಕ್ಷದ ಹಿರಿಯರೊಬ್ಬರು ಹೆಗಲ ಮೇಲೆ ಕೈಹಾಕಿ, "ನಮ್ಮದೇ ಸರ್ಕಾರ ಕಣಪ್ಪ. ಒಂದು ರಸ್ತೆ ಕೇಳಿ ಕೂತುಬಿಡು," ಎಂದು ಬುದ್ಧಿ ಹೇಳಿದರು.

ಮಧ್ಯಾಹ್ನದ ಊಟ ಮುಗಿದು ಅರ್ಧ ಕುರ್ಚಿಗಳು ಖಾಲಿಯಿದ್ದ ಹೊತ್ತಿನಲ್ಲಿ ಮಾಯಣ್ಣನವರ ಸರದಿ ಬಂತು. ಅಟ್ಟದ ಕಳುವಿನ ಬಗ್ಗೆ ಹೇಳಿದರು, ಕೊಬ್ಬರಿ ಕಾಲದಲ್ಲಿ ಹಳ್ಳಿಗಳಿಗೆ ಗಸ್ತು ಬೇಕೆಂದರು. ಆಮೇಲೆ ಭೈರಮ್ಮನ ಅಲೆದಾಟವನ್ನು ಹೇಳಿದರು.

"ಮಾನ್ಯ ಸದಸ್ಯರಿಗೆ ಪೊಲೀಸರು ಬೇಕೋ ಬೇಡವೋ, ಅದನ್ನು ಮೊದಲು ಹೇಳಲಿ!" ಯಾರೋ ಕೂಗಿದರು. ನಗು ಎದ್ದಿತು.

ಮಾಯಣ್ಣ ನಗು ಅಡಗುವವರೆಗೆ ಕಾದರು. "ತೋಟಕ್ಕೆ ನೀರು ಬೇಕು ಸ್ವಾಮಿ. ಹಾಗಂತ ಕೆರೆ ಏರಿ ಒಡೆದು ಮನೆಯೊಳಕ್ಕೆ ನುಗ್ಗಿಸಿಕೊಳ್ತೀವಾ? ಹಿಡ್ಕೊಂಡು ಹೋಗಿ, ವಿಚಾರಣೆ ಮಾಡಿ. ಆದ್ರೆ ಇಂಥ ಕಡೆ ಇದಾನೆ ಅಂತ ಮನೆಗೆ ಹೇಳಿ. ಅದನ್ನ ಹೇಳೋಕಾಗದ ಸರ್ಕಾರ, ಆ ಹೆಂಗಸಿಗೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ."

ಏನೋ ಬರೆಯುತ್ತಿದ್ದ ಮಂತ್ರಿಗಳು ತಲೆ ಎತ್ತಿದರು. ಮರುದಿನದ ಉತ್ತರದಲ್ಲಿ, ಬಂಧಿತರ ಮನೆಗೆ ಅಂದೇ ತಿಳಿಸುವಂತೆ ಠಾಣೆಗಳಿಗೆ ಸೂಚನೆ ಕಳಿಸುವುದಾಗಿಯೂ, ಗಸ್ತು ಹೆಚ್ಚಿಸುವುದಾಗಿಯೂ ಹೇಳಿದರು. ಪತ್ರಿಕೆಗಳಲ್ಲಿ ಬಂದದ್ದು ಆ ದಿನ ನಡೆದ ಸಭಾತ್ಯಾಗದ ಸುದ್ದಿ. ಮಾಯಣ್ಣನವರ ಹೆಸರು ಎಲ್ಲೂ ಬರಲಿಲ್ಲ.

ಕೊಬ್ಬರಿ ಕದ್ದವರು ಇನ್ನೂ ಸಿಕ್ಕಿಲ್ಲ. ಆದರೆ ಮೊನ್ನೆ ತಿಪಟೂರಿನ ಸಂತೆಯಲ್ಲಿ ಗಂಗಯ್ಯನ ತಮ್ಮ ಯಾರೊಂದಿಗೋ ಕೈಕೈ ಮಿಲಾಯಿಸಿದ. ಪೊಲೀಸರು ಅವನನ್ನು ಕರೆದೊಯ್ದರು. ಹೊತ್ತು ಮುಳುಗುವ ಮುಂಚೆ ಒಬ್ಬ ಪೇದೆ ಸೈಕಲ್ಲಿನಲ್ಲಿ ಬಂದು, ಇಂಥ ಠಾಣೆಯಲ್ಲಿದ್ದಾನೆ ಎಂದು ಮನೆಗೆ ಹೇಳಿಹೋದ. ಬೆಳಗಾದ ಮೇಲೆ ಗಂಗಯ್ಯ ಬಹಳ ದಿನಗಳ ನಂತರ ಮಾಯಣ್ಣನವರ ಜಗಲಿಗೆ ಬಂದರು.

"ಮನೆಗೆ ಹೇಳಿ ಕಳ್ಸಿದ್ರು ಕಣ್ಲಾ," ಎಂದರು.

"ಹೂಂ," ಎಂದರು ಮಾಯಣ್ಣ.

ಇಬ್ಬರೂ ಕಾಫಿ ಕುಡಿದರು. ಚುನಾವಣೆಯ ಮಾತು ಬರಲಿಲ್ಲ.

ಇದನ್ನು ಗೆಲುವು ಎನ್ನಬಹುದೇ ಎಂದರೆ ಮಾಯಣ್ಣ ತಲೆ ಅಡ್ಡ ಆಡಿಸುತ್ತಾರೆ. "ಗಂಗಯ್ಯನ ಮನೆಗೆ ಹೇಳ್ತಾರೆ, ಬುಡಿ. ಭೈರಮ್ಮನಂಥೋರ ಗುಡಿಸ್ಲಿಗೆ ಹೋಗಿ ಹೇಳ್ತಾರಾ? ಅದನ್ನ ನೋಡ್ಬೇಕು. ನಂಗೆ ಮತ್ತೆ ಟಿಕೆಟ್ ಸಿಗ್ತದೋ ಇಲ್ವೋ. ಆದ್ರೆ ಅಂಥ ಒಬ್ಳು ಹೆಣ್ಮಗಳು ಠಾಣೆ ಮೆಟ್ಲು ಹತ್ತಿ ನನ್ನ ಗಂಡ ಎಲ್ಲಿ ಅಂದ್ರೆ, ಒಬ್ಬ ಪೇದೆ ಬೆಂಚು ತೋರ್ಸಿ, 'ಕೂತ್ಕಳವ್ವ, ಹೇಳ್ತೀನಿ' ಅನ್ಬೇಕು. ಅದನ್ನೊಂದ್ಸಲ ಕಣ್ಣಾರೆ ನೋಡ್ಬೇಕು ನಾನು."